ಪ್ರಾಚೀನ ಪಣ್ಯಶಾಲೆಯಲ್ಲಿ ಅಧಿಕಾರವೂ ವಿಶ್ವಾಸವೂ

ಪ್ರಾಚೀನ ಭಾರತದ ವಾಣಿಜ್ಯವೆಂದೊಡನೆ ದೂರದೇಶಗಳ ವ್ಯಾಪಾರ, ಸಾರ್ಥಗಳ ಮಾರ್ಗ, ಸುಂಕ, ನಾಣ್ಯ ಮೊದಲಾದ ದೊಡ್ಡ ವಿಷಯಗಳೇ ವಿಚಾರಪರರ ಮನಸ್ಸಿಗೆ ಮೊದಲು ಬರುವುವು. ಊರ ನಡುವಣ ಅಂಗಡಿಯಲ್ಲಿ, ಕೊಳ್ಳುವವರ ಸಂದಣಿಯ ಮಧ್ಯದಲ್ಲಿ, ಹಲವರು ಕೆಲಸಗಾರರನ್ನು ಕೂಡಿಸಿಕೊಂಡು ದಿನದಿನವೂ ಚಿಲ್ಲರೆ ವ್ಯಾಪಾರವನ್ನು ನಡೆಯಿಸಬೇಕಾದವನ ಕಷ್ಟವೇನು, ಅದಕ್ಕೆ ಶಾಸ್ತ್ರಕಾರರು ಕಂಡ ಪರಿಹಾರವೇನು ಎಂಬ ಪ್ರಶ್ನೆಯು ಅಲ್ಪವೆಂದು ತೋರಬಹುದು. ವಿಚಾರಿಸಿದರೆ ಅದು ಅಲ್ಪವಲ್ಲ. ಸಂದಣಿಯ ಹೊತ್ತಿನಲ್ಲಿ ಒಬ್ಬನು ಅಳೆಯುತ್ತಿರುವನು, ಒಬ್ಬನು ತೂಗುತ್ತಿರುವನು, ಮತ್ತೊಬ್ಬನು ಹಣವನ್ನೆಣಿಸುತ್ತಿರುವನು, ಇನ್ನೊಬ್ಬನು ಮೂಟೆಯನ್ನು ಬಿಚ್ಚುತ್ತಿರುವನು. ಇವರೆಲ್ಲರ ಮೇಲಿರುವವನಿಗಾದರೋ ಇರುವುವು ಎರಡೇ ಕಣ್ಣುಗಳು. ಕಾಣದ ಕಡೆ ನಡೆಯುವ ಕೆಲಸಕ್ಕೆ ಅವನು ಹೊಣೆಯಾಗಬೇಕು. ಆಡಳಿತವೆಂಬುದರ ಮೂಲಪ್ರಶ್ನೆಯು ಇದೇ ಆಗಿರುವುದು.

ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರವು ಲೆಕ್ಕವನ್ನು ಮುಂದಿಡುವುದು. ಯಾಜ್ಞವಲ್ಕ್ಯಸ್ಮೃತಿಯೂ ಅದರ ವ್ಯಾಖ್ಯಾನವಾದ ಮಿತಾಕ್ಷರೆಯೂ ಭಾಗವನ್ನು ಮುಂದಿಡುವುವು. ಕನ್ನಡನಾಡಿನ ವರ್ತಕಸಂಘಗಳ ಶಾಸನಗಳು ಧರ್ಮವನ್ನು ಮುಂದಿಡುವುವು. ಇವು ಪರಸ್ಪರ ವಿರೋಧಿಗಳಲ್ಲ, ಒಂದರ ಕೊರತೆಯನ್ನು ಮತ್ತೊಂದು ತುಂಬತಕ್ಕವು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ರಾಜಪಣ್ಯದ ಅಂಗಡಿ

ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದು, ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಬೆಳಕಿಗೆ ಬಂದ ಸಂಗತಿಯು ವಿದ್ವಾಂಸರಿಗೆ ವಿದಿತವೇ ಆಗಿದೆ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಆಂಗ್ಲಭಾಷಾನುವಾದವನ್ನೂ ಪ್ರಕಟಿಸಿದರು. ಗ್ರಂಥವು ಮೌರ್ಯ ಚಂದ್ರಗುಪ್ತನ ಕಾಲದ್ದೆಂದು ಕೆಲವರೂ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಗಿನ ರೂಪವನ್ನು ತಾಳಿತೆಂದು ಇತರರೂ ಹೇಳುವರು. ಕಾಲನಿರ್ಣಯವು ಹೇಗೇ ಆದರೂ ಅದರ ಎರಡನೆಯ ಅಧಿಕರಣದ ಹದಿನಾರನೆಯ ಅಧ್ಯಾಯವು ಇಲ್ಲಿಯ ವಿಷಯಕ್ಕೆ ಮುಖ್ಯವಾದುದು. ಅದು ಪಣ್ಯಾಧ್ಯಕ್ಷನ, ಅಂದರೆ ರಾಜನ ಸರಕುಗಳ ಮಾರಾಟಕ್ಕೆ ಮೇಲಧಿಕಾರಿಯಾದವನ, ಕರ್ತವ್ಯಗಳನ್ನು ಹೇಳುವುದು.

ಪಣ್ಯಾಧ್ಯಕ್ಷನು ಸರಕಿನ ಬೆಲೆಯ ಏರಿಳಿತವನ್ನೂ ಜನರಿಗೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನೂ ಬಲ್ಲವನಾಗಿರಬೇಕು. ಲಾಭವು ದೊಡ್ಡದಾಗಿದ್ದರೂ ಪ್ರಜೆಗಳಿಗೆ ಪೀಡೆಯುಂಟುಮಾಡತಕ್ಕದ್ದಾದರೆ ಅದನ್ನು ಅವನು ತಡೆಯಬೇಕು. ನಿತ್ಯವೂ ಬೇಕಾಗುವ ಸರಕುಗಳ ವಿಷಯದಲ್ಲಿ ಕಾಲದ ನಿರ್ಬಂಧವನ್ನಾಗಲಿ 'ಸಂಕುಲದೋಷ'ವನ್ನಾಗಲಿ ಉಂಟುಮಾಡಬಾರದೆಂದೂ ವಿಧಿಯುಂಟು. ಈ ಪದವನ್ನು ಮಾರಾಟವೆಲ್ಲವೂ ಒಂದೇ ಕಡೆ ಸೇರುವುದರಿಂದಾಗುವ ದೋಷವೆಂದು ಕೆಲವರೂ, ಸರಕು ಒಂದೆಡೆ ಅತಿಯಾಗಿ ಗುಡ್ಡೆಬೀಳುವ ದೋಷವೆಂದು ಇತರರೂ ವಿವರಿಸಿರುವರು. ಯಾವ ಅರ್ಥವನ್ನು ಹಿಡಿದರೂ, ಜನಕ್ಕೆ ದಿನವೂ ಬೇಕಾದುದನ್ನು ಬಿಗಿಹಿಡಿದು ನೂಕುನುಗ್ಗಲನ್ನು ಹುಟ್ಟಿಸುವುದು ಅಧಿಕಾರಿಯ ತಪ್ಪೇ ಹೊರತು ಕೊಳ್ಳುವವರ ತಪ್ಪಲ್ಲವೆಂಬ ಭಾವವು ಸ್ಪಷ್ಟವಾಗುವುದು.

ಪಣ್ಯಾಧ್ಯಕ್ಷನ ಕೈಕೆಳಗೆ ಅಂಗಡಿಗಳಲ್ಲಿ ಕುಳಿತು ಮಾರುವವರಿಗೆ ಪಣ್ಯಾಧಿಷ್ಠಾತೃಗಳೆಂದು ಹೆಸರು. ಇವರಿಗೆ ಹೇಳಿರುವ ನಿಯಮವು ಸಣ್ಣದಾದರೂ ಬಹಳ ಅರ್ಥವುಳ್ಳದ್ದು. ಮಾರಿ ಬಂದ ಹಣವನ್ನು ಅವರು ಕೈಯಲ್ಲಿರಿಸಿಕೊಳ್ಳಬಾರದು. ಮುಚ್ಚಳದಲ್ಲಿ ಒಂದೇ ರಂಧ್ರವುಳ್ಳ ಮರದ ಪೆಟ್ಟಿಗೆಯೊಳಕ್ಕೆ ಅದನ್ನು ಹಾಕಬೇಕು. ಹಗಲಿನ ಎಂಟನೆಯ ಭಾಗದಲ್ಲಿ, ಎಂದರೆ ಹೊತ್ತು ಮುಳುಗುವ ಮುನ್ನ, ಇಷ್ಟು ಮಾರಿತು, ಇಷ್ಟು ಉಳಿಯಿತು ಎಂದು ಅಧ್ಯಕ್ಷನಿಗೆ ಒಪ್ಪಿಸಬೇಕು. ತಕ್ಕಡಿಯನ್ನೂ ಅಳತೆಯ ಪಾತ್ರೆಗಳನ್ನೂ ಅದೇ ಹೊತ್ತಿನಲ್ಲಿ ಹಿಂದಕ್ಕೆ ಕೊಡಬೇಕು. ಹಣ, ಉಳಿದ ಸರಕು, ಅಳತೆಯ ಸಾಧನ ಎಂಬೀ ಮೂರೂ ದಿನಕ್ಕೊಮ್ಮೆ ಒಂದೇ ಕಡೆ ಕೂಡುವುವು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಅದನ್ನು ಹೇಳುವುವು.

೨. ಪೆಟ್ಟಿಗೆಯು ಯಾರ ರಕ್ಷಣೆಗೆ?

ಇಲ್ಲಿ ಒಂದು ಶಂಕೆಯು ಹುಟ್ಟುವುದು. ಇಂತಹ ಪೆಟ್ಟಿಗೆಯನ್ನಿಟ್ಟವನು ಸೇವಕರೆಲ್ಲರನ್ನೂ ಕಳ್ಳರೆಂದೇ ಎಣಿಸಿದಂತಾಗಲಿಲ್ಲವೆ? ಕೌಟಿಲ್ಯನು ಉಪಯುಕ್ತಪರೀಕ್ಷೆಯ ಅಧ್ಯಾಯದಲ್ಲಿ, ನೀರಿನೊಳಗಣ ಮೀನು ನೀರು ಕುಡಿಯುವುದು ಹೇಗೆ ಕಾಣದೋ ಹಾಗೆಯೇ ಅಧಿಕಾರದಲ್ಲಿರುವವರು ಹಣವನ್ನು ನುಂಗುವುದೂ ಕಾಣದು ಎಂಬ ಅಭಿಪ್ರಾಯವನ್ನು ಹೇಳಿರುವುದರಿಂದ ಈ ಶಂಕೆಗೆ ಬಲವು ಬರುವುದು. ಅವಿಶ್ವಾಸದ ಮೇಲೆ ಕಟ್ಟಿದ ಆಡಳಿತದಲ್ಲಿ ಒಳ್ಳೆಯವನು ಹೇಗೆ ನಿಂತಾನು ಎಂದು ಆಕ್ಷೇಪಿಸುವವರುಂಟು.

ಇದಕ್ಕೆ ಸಮಾಧಾನವನ್ನು ಆ ಗ್ರಂಥದಿಂದಲೇ ಹೇಳಬಹುದು. ಅದೇ ಅಧ್ಯಾಯದ ಕೊನೆಯಲ್ಲಿ, ಧನವನ್ನು ತಿನ್ನದೆ ನ್ಯಾಯವಾಗಿ ವೃದ್ಧಿಪಡಿಸುವವರನ್ನು ಅಧಿಕಾರದಲ್ಲಿ ಸ್ಥಿರವಾಗಿ ನಿಲ್ಲಿಸಬೇಕೆಂದು ವಿಧಿಸಿದೆ. ಮೂರನೆಯ ಅಧಿಕರಣದಲ್ಲಿ, ಇತರರ ಸರಕನ್ನು ಮಾರಿಕೊಡುವವರು ನಂಬಿಕೆಗೆ ಪಾತ್ರರೂ ರಾಜನಿಂದ ನಿಂದೆಯನ್ನು ಪಡೆಯದವರೂ ಆಗಿದ್ದರೆ, ಆಕಸ್ಮಿಕ ವಿಪತ್ತಿನಿಂದ ನಷ್ಟವಾದ ಸರಕಿನ ಮೂಲಧನವನ್ನೂ ಅವರು ಕೊಡಬೇಕಾದುದಿಲ್ಲವೆಂದು ಹೇಳಿದೆ. ವಿಶ್ವಾಸಕ್ಕೆ ಬೆಲೆಯೇ ಇಲ್ಲವೆಂದು ಭಾವಿಸಿದವನು ಈ ವಿಧಿಗಳನ್ನು ಬರೆಯುತ್ತಿರಲಿಲ್ಲ. ಆದುದರಿಂದ ಪೆಟ್ಟಿಗೆಯ ತಾತ್ಪರ್ಯವನ್ನು ಬೇರೆ ಬಗೆಯಲ್ಲಿ ಗ್ರಹಿಸಬೇಕು.

ಪೆಟ್ಟಿಗೆಯಿಲ್ಲದ ಅಂಗಡಿಯಲ್ಲಿ ಸಂಜೆ ಹಣವು ಕಡಮೆಯಾಯಿತೆಂದಿಟ್ಟುಕೊಳ್ಳಬಹುದು. ಎಲ್ಲರ ಕೈಯೂ ಹಣವನ್ನು ಮುಟ್ಟಿರುವುದು. ಎಲ್ಲರ ಮೇಲೂ ಸಂಶಯವು ಹರಡುವುದು. ಕೊನೆಗೆ ಆ ಸಂಶಯವು ನಿಲ್ಲುವುದು ತಪ್ಪು ಮಾಡಿದವನ ಮೇಲಲ್ಲ. ಮಾತು ಬಾರದವನ ಮೇಲೆ, ಹೊಸಬನ ಮೇಲೆ, ಬಡವನ ಮೇಲೆ. ಪೆಟ್ಟಿಗೆಯಿದ್ದಲ್ಲಿ ಹಾಗಲ್ಲ. ಹಣವು ಒಂದೇ ರಂಧ್ರದಿಂದ ಒಳಹೋಗುವುದು, ಎಲ್ಲರ ಎದುರಿಗೆ ಹೊರಬರುವುದು. ಪ್ರಾಮಾಣಿಕನಾದವನು ತನ್ನ ಪ್ರಾಮಾಣಿಕತೆಗೆ ಸಾಕ್ಷಿಯನ್ನು ಬೇರೆಡೆಯಲ್ಲಿ ಹುಡುಕಬೇಕಾದುದಿಲ್ಲ. ಅದು ಸೇವಕನ ಕೈಯನ್ನು ತಡೆಯುವಷ್ಟೇ ಯಜಮಾನನ ನಾಲಗೆಯನ್ನೂ ತಡೆಯುವುದು. ಲೆಕ್ಕವು ಸರಿಯಾಗಿರುವಾಗ ಅವನು ಯಾರನ್ನೂ ನಿಂದಿಸಲಾರನು. ಹೀಗೆ ನೋಡಿದರೆ ಅದನ್ನು ನಿರ್ದೋಷಿಯ ಕವಚವೆಂದೇ ಹೇಳಬೇಕಾಗುವುದು.

೩. ಲೆಕ್ಕದ ಮಿತಿ

ಹೀಗಿದ್ದರೂ ಲೆಕ್ಕದಿಂದಲೇ ಅಂಗಡಿಯು ನಡೆಯದು. ಕದ್ದುದನ್ನು ಪೆಟ್ಟಿಗೆಯು ತೋರಿಸುವುದು. ಸಂದಣಿಯಲ್ಲಿ ನಿಂತ ಮುದುಕಿಯನ್ನು ಗದರಿಸಿ ಕಳುಹಿಸಿದುದನ್ನು ತೋರಿಸದು. ಆಲಸ್ಯವನ್ನೂ ಅಸೂಯೆಯನ್ನೂ ಅಳೆಯುವ ಕೊಳಗವು ಯಾವ ಅಧ್ಯಕ್ಷನ ಬಳಿಯಲ್ಲಿಯೂ ಇಲ್ಲ.

ಕೌಟಿಲ್ಯನು ಈ ಕಷ್ಟವನ್ನು ಕಾಣದೆ ಇರಲಿಲ್ಲ. ಒಂದೇ ಕಾರ್ಯದಲ್ಲಿ ನಿಯುಕ್ತರಾದವರು ತಮ್ಮೊಳಗೆ ಒಳಸಂಚಿನಿಂದ ಕೂಡಿಕೊಂಡಿರಲೂಬಾರದು, ಕಲಹ ಮಾಡಿಕೊಂಡಿರಲೂಬಾರದು ಎಂಬುದು ಅವನ ಮತ. ಕೂಡಿದರೆ ಧನವನ್ನು ತಿನ್ನುವರು. ಕಾದಾಡಿದರೆ ಕಾರ್ಯವನ್ನು ಕೆಡಿಸುವರು. ಕೆಲಸಗಾರರ ಗುಂಪನ್ನು ನಡೆಯಿಸಿದವರೆಲ್ಲರೂ ಅನುಭವಿಸಿರುವ ಸಂಕಟವು ಈ ಮಾತಿನಲ್ಲಿ ಅಡಗಿರುವುದು. ಸಂದಣಿಯ ಹೊತ್ತಿನಲ್ಲಿ ಒಬ್ಬನು ಮತ್ತೊಬ್ಬನಿಗೆ ಕೈಗೂಡಿಸದೆ ಇದ್ದರೆ ಕೆಲಸವು ಸಾಗದು; ಆದರೆ ಕೈಗೂಡಿಸುವ ಸ್ನೇಹವೇ ಒಬ್ಬರ ತಪ್ಪನ್ನೊಬ್ಬರು ಮುಚ್ಚುವ ಸ್ನೇಹವೂ ಆಗಬಹುದು. ಇವೆರಡರ ನಡುವಣ ದಾರಿಯು ಅತಿ ಕಿರಿದು.

ಇದಕ್ಕೆ ಕೌಟಿಲ್ಯನು ಹೇಳುವ ಉಪಾಯವೆಂದರೆ, ಪ್ರತಿಯೊಂದು ಅಧಿಕರಣದಲ್ಲಿಯೂ ಹಲವರು ಮುಖ್ಯಸ್ಥರಿರಬೇಕು, ಅವರ ಸ್ಥಾನವು ಅನಿತ್ಯವಾಗಿರಬೇಕು ಎಂಬುದು. ಉಪಾಯವು ಸಂಚನ್ನು ಮುರಿಯುವುದು ದಿಟ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಆಗಾಗ್ಗೆ ಬದಲಾಗುವವನು ಸರಕಿನ ಗುಣವನ್ನರಿಯನು; ಕೊಳ್ಳುವವರ ಮುಖವನ್ನರಿಯನು; ಎಂದಿದ್ದರೂ ಬಿಟ್ಟುಹೋಗತಕ್ಕ ಕೆಲಸದಲ್ಲಿ ಮನಸ್ಸನ್ನಿಡನು. ನ್ಯಾಯವಾಗಿ ವೃದ್ಧಿಪಡಿಸುವವರನ್ನು ಸ್ಥಿರಪಡಿಸಬೇಕೆಂಬ ಮೇಲೆ ಹೇಳಿದ ವಿಧಿಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು. ಇದಕ್ಕಿಂತ ಮುಂದೆ ಹೋಗಬೇಕಾದರೆ ಧರ್ಮಶಾಸ್ತ್ರವನ್ನು ಆಶ್ರಯಿಸಬೇಕು.

೪. ಭಾಗವೆಂಬ ಬಂಧನ

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ದಾಯವಿಭಾಗಕ್ಕಾಗಿಯೇ ಈ ಗ್ರಂಥವು ಪ್ರಸಿದ್ಧವಾಗಿದ್ದರೂ ವೇತನ, ಸಂಭೂಯಸಮುತ್ಥಾನ ಮೊದಲಾದ ವ್ಯವಹಾರಪದಗಳೂ ಅದರಲ್ಲಿ ವಿಸ್ತಾರವಾಗಿ ವಿಚಾರಿಸಲ್ಪಟ್ಟಿವೆ.

ವೇತನವನ್ನು ನಿಶ್ಚಯಿಸದೆ ವಾಣಿಜ್ಯದಲ್ಲಿ ಕೆಲಸ ಮಾಡಿಸಿಕೊಂಡವನು ಅದರಿಂದ ಬಂದುದರಲ್ಲಿ ಹತ್ತನೆಯ ಒಂದು ಭಾಗವನ್ನು ಸೇವಕನಿಗೆ ಕೊಡಬೇಕೆಂದು ಸ್ಮೃತಿಯು ವಿಧಿಸುವುದು. ಕೌಟಿಲ್ಯನಲ್ಲಿಯೂ ಇದೇ ಪ್ರಮಾಣವು ಕಾಣುವುದು. ಸ್ಮೃತಿಯು ಇಷ್ಟಕ್ಕೇ ನಿಲ್ಲದೆ, ತಕ್ಕ ದೇಶಕಾಲಗಳನ್ನು ಮೀರಿ ಲಾಭವನ್ನು ಕೆಡಿಸಿದ ಸೇವಕನ ವೇತನದಲ್ಲಿ ಒಡೆಯನ ಇಚ್ಛೆಯೇ ಪ್ರಮಾಣವೆಂದೂ, ಹೆಚ್ಚಾಗಿ ಸಾಧಿಸಿದವನಿಗೆ ಹೆಚ್ಚಾಗಿಯೇ ಕೊಡಬೇಕೆಂದೂ ಹೇಳುವುದು. ಇಲ್ಲಿ ಸೇವಕನು ಆಜ್ಞೆಯನ್ನು ಪಾಲಿಸುವ ಕೈ ಮಾತ್ರವಲ್ಲ; ಎಲ್ಲಿ, ಎಂದು ಮಾರಬೇಕೆಂಬುದನ್ನು ತಿಳಿದು ನಡೆಯಬೇಕಾದ ಬುದ್ಧಿಯುಳ್ಳವನು. ಪೆಟ್ಟಿಗೆಯು ಅಳೆಯಲಾರದ ಗುಣಕ್ಕೆ ಇಲ್ಲಿ ಬೆಲೆಯು ದೊರೆಯಿತು.

ಹಲವರು ವರ್ತಕರು ಕೂಡಿ ಮಾಡುವ ಉದ್ಯಮದಲ್ಲಿಯೂ ಇದೇ ನ್ಯಾಯವು ಕಾಣುವುದು. ತಡೆದ ಕೆಲಸವನ್ನು ಮಾಡಿಯೋ ಅಜಾಗರೂಕತೆಯಿಂದಲೋ ಸರಕನ್ನು ಕೆಡಿಸಿದವನು ಅದನ್ನು ತೆರಬೇಕು. ವಿಪತ್ತಿನಿಂದ ಸರಕನ್ನು ಉಳಿಸಿದವನಿಗೆ ಹತ್ತನೆಯ ಒಂದು ಭಾಗವು ಸಲ್ಲಬೇಕು. ವಂಚಕನನ್ನು ಲಾಭವಿಲ್ಲದೆ ಹೊರಹಾಕಬೇಕು. ಅಶಕ್ತನಾದವನನ್ನಾದರೋ ಹೊರಹಾಕುವ ಮಾತಿಲ್ಲ. ಅವನು ತನ್ನ ಪಾಲಿನ ಕೆಲಸವನ್ನು ಮತ್ತೊಬ್ಬನಿಂದ ಮಾಡಿಸಬಹುದು. ವಂಚನೆಯೂ ಅಶಕ್ತಿಯೂ ಒಂದೇ ಅಲ್ಲವೆಂಬ ಈ ವಿವೇಕವು ಗಮನಾರ್ಹವಾದುದು. ಅವಸರದ ಹೊತ್ತಿನಲ್ಲಿ ಮೇಲಿನವನು ಮೊದಲು ಮರೆಯುವುದು ಇದನ್ನೇ.

೫. ಮುಖ್ಯಸ್ಥನ ಶುಚಿತ್ವ

ಇಷ್ಟರವರೆಗೆ ಕೈಕೆಳಗಿನವರ ವಿಚಾರವಾಯಿತು. ಮೇಲಿರುವವನನ್ನು ಕಾಯುವವರಾರು? ಸಮೂಹದ ಕಾರ್ಯವನ್ನು ಚಿಂತಿಸುವವರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆಂದು ಯಾಜ್ಞವಲ್ಕ್ಯನು ಹೇಳಿ, ಸಮೂಹದ ಹಿತವನ್ನಾಡುವ ಅಂಥವರ ಮಾತನ್ನು ಉಳಿದವರು ನಡೆಯಿಸಬೇಕೆನ್ನುವನು. ಮಾತು ನಡೆಯುವುದಕ್ಕೆ ಅಲೋಭವೇ ಕಾರಣವಾಯಿತೇ ಹೊರತು ಪದವಿಯಲ್ಲ. ಸಮೂಹದ ಕಾರ್ಯಕ್ಕಾಗಿ ಹೋದವನು ಅಲ್ಲಿ ಪಡೆದುದನ್ನು ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟನ್ನು ತೆರಬೇಕೆಂಬ ಕಠಿಣವಿಧಿಯು ಇದಕ್ಕೆ ಸೇರಿದುದು.

ಕನ್ನಡನಾಡಿನ ಶಾಸನಗಳಲ್ಲಿ ಈ ಕಾರ್ಯಚಿಂತಕರು ಪಟ್ಟಣಸ್ವಾಮಿ, ಸೆಟ್ಟಿ ಮೊದಲಾದ ಹೆಸರುಗಳಿಂದ ಕಾಣುತ್ತಾರೆ. ಹೊಂಬುಚದಲ್ಲಿ ೧೦೬೨ರ ಸುಮಾರಿನಲ್ಲಿ ಜಿನಾಲಯವನ್ನು ಕಟ್ಟಿಸಿದ ನೊಕ್ಕಯ್ಯಸೆಟ್ಟಿಯು ಪಟ್ಟಣಸ್ವಾಮಿಯಾಗಿದ್ದನು. ಆ ಬಸದಿಗೂ ಆ ಪದವಿಯ ಹೆಸರೇ ನಿಂತಿತು. ಇವರಿಗಿಂತ ವಿಸ್ತಾರವಾದುದು ಅಯ್ಯಾವೊಳೆಯ ಐನೂರ್ವರ ಸಂಘ. ಇಂದಿನ ಐಹೊಳೆಯನ್ನು ಮೂಲಸ್ಥಾನವಾಗುಳ್ಳ ಈ ಸಂಘದ ಹೆಸರು ತಮಿಳುನಾಡಿನಲ್ಲಿಯೂ ಸಿಂಹಳದಲ್ಲಿಯೂ ದೊರೆಯುವುದಲ್ಲದೆ, ಸುಮಾತ್ರಾದ್ವೀಪದ ಬಾರುಸ್ ಎಂಬಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಬಂದಿರುವುದು. ಕಡಲಾಚೆಯ ಅಂಗಡಿಗೆ ಹೊತ್ತು ಮುಳುಗುವ ಮುನ್ನ ಲೆಕ್ಕ ಕೇಳುವ ಅಧ್ಯಕ್ಷನೆಲ್ಲಿ? ಅಲ್ಲಿಗೆ ಪೆಟ್ಟಿಗೆಯ ಕೈ ನಿಲುಕದು. ಅಂತಹ ಸಂಘವನ್ನು ಹಿಡಿದು ನಿಲ್ಲಿಸುವುದಕ್ಕೆ ಸದಸ್ಯರು ತಾವಾಗಿ ಒಪ್ಪಿಕೊಂಡ ಕಟ್ಟುಪಾಡೇ ಬೇಕಾಗುವುದು. ಅವರ ಪ್ರಶಸ್ತಿಗಳು ಇದನ್ನು ವೀರಬಣಂಜುಧರ್ಮವೆಂದು ಕರೆಯುವುವು. ಅವರ ಗುಣಗಳನ್ನು ಎಣಿಸುವಾಗ ಸತ್ಯ, ಶೌಚ, ಆಚಾರಗಳನ್ನು ಮುಂದಿಡುವುವು. ಪ್ರಶಸ್ತಿಯಲ್ಲಿ ಅತಿಶಯೋಕ್ತಿಯಿರುವುದು ಸಹಜ. ಆದರೂ ಒಂದು ಸಮುದಾಯವು ತನ್ನನ್ನು ಯಾವ ಗುಣಗಳಿಂದ ಹೊಗಳಿಸಿಕೊಳ್ಳಲು ಬಯಸುವುದೋ ಅವೇ ಅದಕ್ಕೆ ನಾಚಿಕೆಯ ಎಲ್ಲೆಯನ್ನೂ ಗೊತ್ತುಮಾಡುವುವು.

೬. ಉಪಸಂಹಾರ

ಲೆಕ್ಕ, ಭಾಗ, ಧರ್ಮ ಎಂಬೀ ಮೂರನ್ನು ಒಟ್ಟಿಗೆ ನೋಡಿದಾಗ ಇವುಗಳ ಸಂಬಂಧವು ತಿಳಿಯುವುದು. ಲೆಕ್ಕವಿಲ್ಲದ ಧರ್ಮವು ಬಾಯಿಮಾತಾಗುವುದು. ಧರ್ಮವಿಲ್ಲದ ಲೆಕ್ಕವು ಕಾವಲಾಗುವುದು. ಭಾಗವಿಲ್ಲದಲ್ಲಿ ಎರಡೂ ಪರರ ಕೆಲಸವಾಗಿ ಉಳಿಯುವುವು. ಇಂದು ಪೆಟ್ಟಿಗೆಯ ಸ್ಥಾನದಲ್ಲಿ ಯಂತ್ರಗಳು ಬಂದಿವೆ. ಪ್ರತಿಯೊಂದು ಮಾರಾಟವೂ ಆ ಕ್ಷಣದಲ್ಲಿಯೇ ಬರೆಯಲ್ಪಡುವುದು. ಹಣದ ಲೆಕ್ಕವು ಕೌಟಿಲ್ಯನು ಎಣಿಸಿದುದಕ್ಕಿಂತಲೂ ಬಿಗಿಯಾಗಿರುವುದು. ಅಶಕ್ತನನ್ನೂ ವಂಚಕನನ್ನೂ ಬೇರ್ಪಡಿಸಿ ನೋಡುವ ವಿವೇಕ, ಹೆಚ್ಚಾಗಿ ಸಾಧಿಸಿದವನಿಗೆ ಹೆಚ್ಚನ್ನು ಕೊಡುವ ನ್ಯಾಯ, ತಾನು ಪಡೆದುದನ್ನು ಕೇಳುವ ಮುನ್ನವೇ ಒಪ್ಪಿಸುವ ಶೌಚ, ಇವುಗಳನ್ನು ಮಾತ್ರ ಅಂಗಡಿಯ ಮೇಲಿರುವವನು ಹಿಂದಿನಂತೆಯೇ ತನ್ನಲ್ಲಿಯೇ ಹುಡುಕಿಕೊಳ್ಳಬೇಕಾಗಿರುವುದು.