ಅಂಗಳ ಬಿಟ್ಟ ಅಂಗನವಾಡಿ

‘ಅಂಗನವಾಡಿ’ ಎಂಬ ಹೆಸರಿನಲ್ಲೇ ಅಂಗಳವಿದೆ. ಮರಾಠಿಯ ‘ಅಂಗಣ’ ಬೇರೆಯಲ್ಲ, ನಮ್ಮ ಅಂಗಳ ಬೇರೆಯಲ್ಲ. ಆದರೆ ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ಇಂದು ನಮಗೆ ಕಾಣುವ ಅಂಗನವಾಡಿ ಎಂದರೆ ಗೋಡೆಗೆ ಚಿತ್ರ ಬರೆದ, ಮಧ್ಯಾಹ್ನದ ಮೇಲೆ ಬೀಗ ಬೀಳುವ ಕಟ್ಟಡ. ಮನೆಯಂಗಳ ಅದರಿಂದ ಯಾವಾಗ ಹೊರಬಿತ್ತು ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಹೆಚ್ಚಾಗಿ ಅಂಕಿಗಳು. ಎಷ್ಟು ಹೆಂಗಸರು ಕೆಲಸಕ್ಕಿದ್ದರೆ, ಊರಲ್ಲಿ ಎಷ್ಟು ಜನರಿದ್ದರೆ, ಕೇರಿಯಲ್ಲಿ ಎಷ್ಟು ಮಕ್ಕಳಿದ್ದರೆ ಸರಕಾರದ ಕಣ್ಣಿಗೆ ಒಂದು ಕೂಸು ಬೀಳುತ್ತದೆ ಎಂಬ ಲೆಕ್ಕ.

ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಬಾಲಮಂದಿರದಲ್ಲಿ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಬಂದರು. ಹಳ್ಳಿಯ ಬಡ ಮಕ್ಕಳು ಶಾಲೆಗೆ ಬರುವುದಿಲ್ಲ ಎಂದು ಕಂಡಾಗ ಅವರು ಶಾಲೆಯನ್ನೇ ಎಬ್ಬಿಸಿ ಕೇರಿಗೆ ನಡೆಸಿದರು. ಊರ ನಡುವೆ ಒಂದು ಬಾಲವಾಡಿ, ಅದರ ಜೊತೆಗೆ ಮಕ್ಕಳ ಮನೆಗಳ ಮುಂದೆಯೇ ಕೂಡುವ ಅಂಗಳದ ಬಾಲವಾಡಿ. ಆಗ ಉತ್ತರ ಕನ್ನಡವೂ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರವರೆಗೆ ಕಾರವಾರದ ಕಡತಗಳು ಹೋಗುತ್ತಿದ್ದುದು ಮುಂಬಯಿಗೆ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಇಯತ್ತೆ’ ಉಳಿದ ಹಾಗೆ ‘ಬಾಲವಾಡಿ’ಯೂ ಉಳಿದಿದೆ. ಅಂಗನವಾಡಿ ಟೀಚರ್ ಎಂದು ಸರಕಾರ ಎಷ್ಟೇ ಬರೆಯಲಿ, ಅವರಿಗೆ ಅದು ಬಾಲವಾಡಿ ಅಕ್ಕೋರೇ.

ಆದರೆ ಕಾನೂನು ಮನೆಯಿಂದ ಶುರುವಾಗಲಿಲ್ಲ, ಕಾರ್ಖಾನೆಯಿಂದ ಶುರುವಾಯಿತು. 1948ರ ಕಾರ್ಖಾನೆಗಳ ಕಾಯ್ದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯೊಂದು ಬೇಕೆಂದಿತು. 1976ರಲ್ಲಿ ಐವತ್ತು ಮೂವತ್ತಾಯಿತು. ಅದೇ 1948ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಕಾನೂನು ಬಂತು. ಹಣ ಪಡೆದು ತನ್ನ ಮನೆಯಲ್ಲಿ ಬೇರೆಬೇರೆ ಮನೆಗಳ ಎರಡಕ್ಕಿಂತ ಹೆಚ್ಚು ಮಕ್ಕಳನ್ನು ಹಗಲು ನೋಡಿಕೊಳ್ಳುವ ಹೆಂಗಸು ಸ್ಥಳೀಯ ಆಡಳಿತದಲ್ಲಿ ಹೆಸರು ಬರೆಸಬೇಕು ಎಂದು. ಹೆಸರು ಬರೆಸದೆ ನಡೆಸಿದವರು ಅಲ್ಲೂ ಬಹಳ ಮಂದಿ ಇದ್ದರು, ಅದನ್ನು ಆದರ್ಶವೆಂದು ಎತ್ತಿ ಹಿಡಿಯುವುದಿಲ್ಲ. ಆದರೂ ಆ ಕಾನೂನು ಮನೆಯ ಹೊಸಿಲವರೆಗೆ ಬಂದಿತ್ತು. ನಮ್ಮದು ಕಾರ್ಖಾನೆಯ ಗೇಟಿನಲ್ಲೇ ನಿಂತಿತು. ಮನೆಯಲ್ಲೇ ಕೂತು ಹಗ್ಗ ಹೊಸೆಯುವ, ಮಲ್ಲಿಗೆ ಕಟ್ಟುವ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಯಾವ ಕಾರ್ಖಾನೆ, ಯಾವ ಗೇಟು?

ಐಸಿಡಿಎಸ್ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಕ್ಕೋರಿಗೆ ಕೊಟ್ಟಿದ್ದು ಸಂಬಳವಲ್ಲ, ಗೌರವಧನ. ಮೆಟ್ರಿಕ್ ಆಗಿದ್ದರೆ ತಿಂಗಳಿಗೆ 150, ಇಲ್ಲದಿದ್ದರೆ 100 ರೂಪಾಯಿ. ಬಯಲುಸೀಮೆಯಲ್ಲಿ ಸಾವಿರ ಜನಕ್ಕೊಂದು ಅಂಗನವಾಡಿ, ಬುಡಕಟ್ಟು ಪ್ರದೇಶದಲ್ಲಿ ಏಳುನೂರಕ್ಕೊಂದು. ಸಾಲುಮನೆಗಳ ಊರಿಗೆ ಈ ಲೆಕ್ಕ ಸರಿ. ನಮ್ಮ ಮೂರು ತಾಲೂಕುಗಳಲ್ಲಿ ಊರೆಂದರೆ ತೋಟಕ್ಕೊಂದು ಮನೆ, ಗುಡ್ಡದ ಬುಡಕ್ಕೆ ನಾಲ್ಕು ಮನೆ, ಹೊಳೆಯಾಚೆ ಒಂದು ಕೇರಿ. ಸಾವಿರ ಜನರನ್ನು ಒಟ್ಟುಮಾಡಬೇಕಾದರೆ ಎರಡು ಸಂಕ, ಒಂದು ದೋಣಿಯನ್ನೂ ಸೇರಿಸಬೇಕು. ಮಳೆಗಾಲದಲ್ಲಿ ಮೂರು ವರ್ಷದ ಮಗು ಸಂಕ ದಾಟಿ ಬರುವುದಿಲ್ಲ. ಕಟ್ಟಡ ಇಲ್ಲದ ಕಡೆ ಬಾಲವಾಡಿ ಯಾರದೋ ಮನೆಯ ಜಗಲಿಯಲ್ಲೇ ಕೂತದ್ದೂ ಉಂಟು. ಅಲ್ಲಿ ಮನೆಯ ಯಜಮಾನತಿಯೂ ಅರ್ಧ ಅಕ್ಕೋರೇ. ನಿಯಮದ ಕಣ್ಣಿಗೆ ಅದು ‘ಸ್ವಂತ ಕಟ್ಟಡವಿಲ್ಲದ ಕೇಂದ್ರ’, ಅಂದರೆ ಒಂದು ಕೊರತೆ.

2006ರ ಡಿಸೆಂಬರಿನ ಒಂದು ವಾರ ಈ ಚರಿತ್ರೆಯಲ್ಲಿ ವಿಚಿತ್ರವಾದದ್ದು. ಆ ತಿಂಗಳ 7ರಂದು ಕರ್ನಾಟಕ ಸರಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯದು ಸರಕಾರಿ ಹುದ್ದೆಯಲ್ಲ ಎಂದಿತು. ಆರು ದಿನ ಕಳೆದು, 13ರಂದು, ಅದೇ ನ್ಯಾಯಾಲಯದ ಇನ್ನೊಂದು ಪೀಠ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಯಾವುದೇ ಜನವಸತಿ ಕೇಳಿದರೂ ಅಂಗನವಾಡಿ ಕೊಡಬೇಕೆಂದಿತು. ಮಕ್ಕಳಿಗೆ ಹಕ್ಕು ಬಂತು, ಅವರನ್ನು ನೋಡಿಕೊಳ್ಳುವವಳಿಗೆ ಬರಲಿಲ್ಲ. ಅವಳಿಗೆ ಗ್ರ್ಯಾಚುಯಿಟಿ ಸಲ್ಲುತ್ತದೆ ಎಂದು ಅದೇ ಕೋರ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ನಡುವೆ 15 ವರ್ಷ.

ನಲವತ್ತು ಎಂಬ ಅಂಕಿ ಸಾವಿರಕ್ಕಿಂತ ಎಷ್ಟೋ ಮೇಲು. 150 ಜನರಿರುವಲ್ಲಿಯೂ ಮಿನಿ ಅಂಗನವಾಡಿ ಎಂಬ ಅವಕಾಶವೂ ಬಂತು. ಆಮೇಲೆ 2013ರ ರಾಷ್ಟ್ರೀಯ ನೀತಿ ಗುಣಮಟ್ಟಕ್ಕೆ ಅಳತೆ ಕೊಟ್ಟಿತು. ಮೂವತ್ತು ಮಕ್ಕಳಿಗೆ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಬಯಲು. ಮೂರು ದಾಟಿದ ಇಪ್ಪತ್ತು ಮಕ್ಕಳಿಗೆ ಒಬ್ಬರು, ಅದಕ್ಕಿಂತ ಚಿಕ್ಕವರಾದರೆ ಹತ್ತು ಮಕ್ಕಳಿಗೆ ಒಬ್ಬರು. ಕುಡಿಯುವ ನೀರು, ಶೌಚಾಲಯ, ಮನೆಮಾತಿನ ಕಲಿಕೆ. ಒಂದಂಶವನ್ನೂ ನಾನು ಬೇಡವೆನ್ನಲಾರೆ. ನನ್ನ ತಕರಾರು ಅಳತೆಯ ಮೇಲಲ್ಲ, ಹೊತ್ತಿನ ಮೇಲೆ.

ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರು ನೋಡುವುದು ಗಡಿಯಾರವನ್ನಲ್ಲ, ನೀರಿನ ಇಳಿತವನ್ನು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಹತ್ತಕ್ಕೆ ನೀರಿಗಿಳಿದವಳು ವಾರ ಕಳೆಯುವಷ್ಟರಲ್ಲಿ ಅಂಗನವಾಡಿ ಮುಗಿಯುವ ಹೊತ್ತಿಗೆ ಇಳಿಯಬೇಕು. ತದಡಿಗೋ ಕಾಸರಕೋಡಿಗೋ ಮೀನಿಗೆ ಹೋಗುವವಳು ನಸುಕಿನಲ್ಲೇ ಮನೆ ಬಿಡುತ್ತಾಳೆ. ಆಗ ಮಗು ಆಚೆಮನೆ ಅಜ್ಜಿಯ ಜಗಲಿಯಲ್ಲಿ. ಅಜ್ಜಿಗೆ ಇದಕ್ಕೆ ಸಿಗುವುದು ವಾರಕ್ಕೊಮ್ಮೆ ಒಂದು ಪಾಲು ಮೀನು, ಹಬ್ಬಕ್ಕೊಂದು ಸೀರೆ. ಅಜ್ಜಿಗೆ ಮಂಡಿನೋವು. ಅಂಗಳದಾಚೆ ಕಟ್ಟೆಯಿಲ್ಲದ ಬಾವಿ, ಅದರಾಚೆ ಚಿರೆಕಲ್ಲು ತೆಗೆದ ಹೊಂಡ, ಮಳೆಗಾಲದಲ್ಲಿ ಅದರ ತುಂಬ ನೀರು. ಒಂದು ವರ್ಷದ ಮಗುವನ್ನು ಇಡೀ ಹಗಲು ಕಾಯುವ ಕೆಲಸ ಈ ಕರಾವಳಿಯಲ್ಲಿ ಹೆಚ್ಚಾಗಿ ನಡೆಯುವುದು ಇಂಥ ಜಗಲಿಗಳಲ್ಲಿ. ಮೇಲೆ ಹೇಳಿದ ಯಾವ ಕಾನೂನಿಗೂ ಈ ಜಗಲಿ ಕಂಡಿಲ್ಲ.

2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ಬಂದಾಗಲೂ ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಎಂದೇ ಬರೆದರು. ಐವತ್ತರ ಮೇಲೆ ಇವರಿಗೇಕೋ ಅಷ್ಟು ಪ್ರೀತಿ. ತೀರ ಕೆಳಗಿನ ಅಂಕಿಗೆ ಇಳಿದದ್ದು ಉದ್ಯೋಗ ಖಾತ್ರಿ ಕಾನೂನು. ಕೆಲಸದ ಜಾಗಕ್ಕೆ ಐದು ಮಕ್ಕಳು ಬಂದರೂ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ, ಅವಳಿಗೂ ಕೂಲಿ ಕೊಡಿ ಎಂದು ಅದು ಹೇಳಿತು. ಆ ದಾರಿಯಲ್ಲೇ 2023ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ‘ಕೂಸಿನ ಮನೆ’ ಬಂತು. ಅಂತೂ ‘ಮನೆ’ ಎಂಬ ಮಾತು ಸರಕಾರದ ಕಾಗದದಲ್ಲಿ ಬಿತ್ತು. ಆದರೆ ಅದು ಪಂಚಾಯತಿಯ ಮನೆ, ಬಹುಪಾಲು ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವವರ ಮಕ್ಕಳಿಗೆ.

ಅಜ್ಜಿಯ ಜಗಲಿಗೂ ನಿಯಮ ಬೇಕೆಂದರೆ ಪರವಾನಗಿ, ದಂಡ, ಇನ್‌ಸ್ಪೆಕ್ಟರು ಎಂದು ಹಲವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. 35 ಚದರ ಮೀಟರ್ ಕೇಳಿದರೆ ಅಜ್ಜಿ ನಾಳೆಯಿಂದ ‘ನಮ್ಮನೇಲಿ ಬೇಡ ಮಾರಾಯ್ತಿ’ ಎನ್ನುತ್ತಾಳೆ. ನಾನು ಕೇಳುವುದು ಬೇರೆ. ಹೆಸರು ಬರೆದುಕೊಳ್ಳಲಿ. ಆಶಾ ಕಾರ್ಯಕರ್ತೆ ಹೇಗೂ ಆ ಮನೆಗೆ ಹೋಗುತ್ತಾಳೆ. ಬಾವಿಗೆ ಕಟ್ಟೆ ಇದೆಯೇ, ಸೀಮೆಎಣ್ಣೆ ಕೈಗೆಟುಕುವಲ್ಲಿದೆಯೇ, ಒಬ್ಬ ಅಜ್ಜಿಯ ಬಳಿ ಎಷ್ಟು ಕೂಸುಗಳು ಎಂದು ನೋಡಿ ಬರೆಯಲಿ, ಆ ಕೆಲಸಕ್ಕೆ ಅವಳಿಗೂ ದುಡ್ಡು ಸಿಗಲಿ. ಬಾವಿಕಟ್ಟೆಗೆ ಬೇಕಾದ ಕಲ್ಲನ್ನೂ ಸಿಮೆಂಟನ್ನೂ ಪಂಚಾಯತಿ ಕೊಡಲಿ. ತಿಂಗಳಿಗಿಷ್ಟು ಎಂದು ಅಜ್ಜಿಯ ಖಾತೆಗೂ ಬರಲಿ, ಗೌರವಧನ ಎಂಬ ಹೆಸರಿನಲ್ಲಿ ಬೇಡ.