ಸೀಸದ ಬಣ್ಣ: ಪರೀಕ್ಷೆ ಮೊದಲು ಗೋಡೆಗೋ, ಮಗುವಿಗೋ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ನಮ್ಮಲ್ಲಿಯಂತೆ ಬಿಸಿಲು ಜೋರು. ಅಲ್ಲಿನ ಮರದ ಮನೆಗಳಿಗೆ ನಮ್ಮ ಜಗಲಿಯಂಥ ವರಾಂಡ, ಅದರ ಅಂಚಿಗೆ ಮರದ ಕಟಕಟೆ. ನೂರಿಪ್ಪತ್ತು ವರ್ಷಗಳ ಹಿಂದೆ ಆ ಕಟಕಟೆಗೆ ಬಳಿಯುತ್ತಿದ್ದದ್ದು ಸೀಸದ ಬಣ್ಣ.

ಆಗ ಬ್ರಿಸ್ಬೇನ್ ನಗರದ ಮಕ್ಕಳ ಆಸ್ಪತ್ರೆಗೆ ಹೊಟ್ಟೆನೋವಿನ, ಕೈಕಾಲು ಸೋತ, ಕಣ್ಣು ಮಂಜಾದ ಮಕ್ಕಳು ಬರುತ್ತಿದ್ದರು. ಇದು ಸೀಸದ ವಿಷ ಎಂದು 1892ರ ಹೊತ್ತಿಗೇ ವೈದ್ಯರು ಗುರುತಿಸಿದ್ದರು. ಆದರೆ ಮಕ್ಕಳ ಹೊಟ್ಟೆಗೆ ಸೀಸ ಹೋಗುತ್ತಿದ್ದದ್ದು ಎಲ್ಲಿಂದ? 1904ರಲ್ಲಿ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ಕಟಕಟೆ ಮತ್ತು ಗೋಡೆಗಳತ್ತ ಬೆರಳು ತೋರಿಸಿದರು. ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ, ಪುಡಿ ಮಕ್ಕಳ ಕೈಗೆ ಅಂಟುತ್ತದೆ, ಮಕ್ಕಳು ಬೆರಳು ಚೀಪುತ್ತಾರೆ. ಇಷ್ಟೇ ಕಥೆ. ಆದರೂ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದಕ್ಕೊಂದು ಕಾನೂನು ಬರಲು 1922 ಆಯಿತು.

ಇನ್ನು ಅಮೆರಿಕ. ಅಲ್ಲಿ ಮನೆ ಬಣ್ಣದಲ್ಲಿ ಸೀಸಕ್ಕೆ ದೇಶವ್ಯಾಪಿ ನಿಷೇಧ ಬಂದದ್ದು 1978ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಮನೆಗಳ ಗೋಡೆಗೆ, ಕಿಟಕಿಗೆ ಸೀಸ ಹತ್ತಿಯಾಗಿತ್ತು. ಅಂಗಡಿಯಲ್ಲಿ ಮಾರಾಟ ನಿಲ್ಲಿಸಿದರೆ ಗೋಡೆಯ ಮೇಲಿನ ಸೀಸ ಹೋಗುವುದಿಲ್ಲವಲ್ಲ.

ಯಾವ ಮನೆ ಅಪಾಯದ್ದು ಎಂದು ಗೊತ್ತಾಗುವುದು ಹೇಗೆ? ಬಹಳ ಕಾಲ ಅದಕ್ಕಿದ್ದ ದಾರಿ ಮಗುವಿನ ರಕ್ತ ಪರೀಕ್ಷೆ. ರಕ್ತದಲ್ಲಿ ಸೀಸ ಹೆಚ್ಚಿದ್ದರೆ ಆಮೇಲೆ ಆ ಮನೆ ನೋಡುತ್ತಿದ್ದರು. ಅಂದರೆ ಮಗುವೇ ಅಳತೆಗೋಲು.

ಆ ಅಳತೆಯೂ ಸ್ಥಿರವಾಗಿರಲಿಲ್ಲ. 1960ರ ದಶಕದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ದಾಟಿದರೆ ಮಾತ್ರ ಚಿಂತೆ. 1991ರಲ್ಲಿ ಅದು 10ಕ್ಕೆ ಇಳಿಯಿತು, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ. ಯಾಕೆ ಇಳಿಯಿತು? 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲಾ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಸೀಸ ಅಳೆದು ಪ್ರಕಟಿಸಿದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ನೋಡಲು ಆರೋಗ್ಯವಾಗಿಯೇ ಇದ್ದರು. ಆದರೆ ಬುದ್ಧಿಮತ್ತೆ ಮತ್ತು ಗಮನದ ಪರೀಕ್ಷೆಗಳಲ್ಲಿ ಹಿಂದಿದ್ದರು. ಕಾಯಿಲೆ ಕಾಣುವವರೆಗೆ ಕಾದರೆ ತಡವಾಯಿತೆಂದೇ ಅರ್ಥ.

ಅಮೆರಿಕದ 1992ರ ಕಾನೂನು ಈ ಯೋಚನೆಯನ್ನು ತಿರುಗಿಸಿ ಹಾಕಿತು. ಮಗುವಿಗೆ ವಿಷ ಏರುವ ಮೊದಲೇ ಮನೆಯನ್ನು ಪರೀಕ್ಷಿಸಿ ಎಂದಿತು. ಹಾಗೆ ಪರೀಕ್ಷಿಸಲು ಅಳತೆ ಬೇಕು. ಬಣ್ಣಕ್ಕೊಂದು ಅಳತೆ ಬಂತು: ಒಂದು ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ, ಅಥವಾ ತೂಕದಲ್ಲಿ ಶೇ. 0.5. ಎಕ್ಸ್‌ರೇ ಬಿಡುವ ಕೈಯಂತ್ರವನ್ನು ಗೋಡೆಗೆ ಒತ್ತಿ ಹಿಡಿದರೆ, ಗೋಡೆ ಕೆರೆಯದೆಯೇ ಸೀಸ ಎಷ್ಟಿದೆ ಎಂದು ತಿಳಿಯುತ್ತದೆ.

ಬಣ್ಣಕ್ಕಿಂತ ಕಷ್ಟದ್ದು ದೂಳು. ಅಳತೆ ಮಾಡಿದಷ್ಟು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. 2001ರಲ್ಲಿ ನೆಲದ ಮಿತಿ ಒಂದು ಚದರ ಅಡಿಗೆ 40 ಮೈಕ್ರೋಗ್ರಾಂ ಎಂದಾಯಿತು. ಒಂದು ಗ್ರಾಂ ಸೀಸವನ್ನು 25,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಅದೂ ಹೆಚ್ಚಾಯಿತೆಂದು ಜನ ಕೋರ್ಟಿಗೆ ಹೋದರು. ಕೋರ್ಟು ಸರ್ಕಾರಕ್ಕೆ ಚುರುಕು ಮುಟ್ಟಿಸಿದ ಮೇಲೆ 2019ರಲ್ಲಿ ಮಿತಿ 10ಕ್ಕೆ ಇಳಿಯಿತು. 2024ರಲ್ಲಿ ಬಂದ ನಿಯಮವಂತೂ, ಪ್ರಯೋಗಾಲಯಕ್ಕೆ ಅಳೆಯಲು ಸಿಕ್ಕರೆ ಸಾಕು, ಅಪಾಯವೇ ಎಂದಿತು. ಇದು ಮನೆಗಳ ಜೊತೆಗೆ, ಪುಟ್ಟ ಮಕ್ಕಳು ದಿನವೂ ಬರುವ ಹಳೆಯ ಶಿಶುವಿಹಾರಗಳಿಗೂ ಅನ್ವಯ.

ನಮ್ಮಲ್ಲಿ? 1990ರ ದಶಕದ ಕೊನೆಗೆ ಬೆಂಗಳೂರು, ಚೆನ್ನೈ, ದೆಹಲಿ, ಮುಂಬೈ ಮುಂತಾದ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ನಡೆಯಿತು. ಅದರಲ್ಲಿ ದುಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಸೀಸ ಆಗಿನ ಮಿತಿಯಾದ 10 ಮೈಕ್ರೋಗ್ರಾಂ ಮುಟ್ಟಿತ್ತು, ಇಲ್ಲವೇ ದಾಟಿತ್ತು. ಆಗ ಪೆಟ್ರೋಲಿನಲ್ಲೂ ಸೀಸ ಇತ್ತು. ಅದು 2000ದಲ್ಲಿ ನಿಂತಿತು. ಬಣ್ಣದ ಸರದಿ ಬಂದದ್ದು ತಡವಾಗಿ. ಕೇಂದ್ರ ಸರ್ಕಾರದ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಾಯಿತು. ಮನೆಗೆ ಬಳಿಯುವ ಪೇಂಟಿನ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದು.

ಒಳ್ಳೆಯದೇ. ಆದರೆ ಆ ನಿಯಮ ಮಾತಾಡುವುದು ಡಬ್ಬಿಯೊಳಗಿನ ಹೊಸ ಬಣ್ಣದ ಬಗ್ಗೆ. ಅಜ್ಜನ ಕಾಲದ ಬಾಗಿಲು, ಹಳೆ ಶಾಲೆಯ ಕಿಟಕಿ, ಅಂಗನವಾಡಿಯ ಸರಳುಗಳ ಬಗ್ಗೆ ಅಲ್ಲ. ಬರಿ ಸುಣ್ಣದ ಗೋಡೆಗೆ ಈ ಭಯವಿಲ್ಲ. ಮಿರಿಮಿರಿ ಹೊಳೆಯುವ ಹಳೆಯ ಆಯಿಲ್ ಪೇಂಟ್, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳ ಮೇಲೆ ಅನುಮಾನ ಇರಲಿ.

ಹಬ್ಬ ಬಂತೆಂದರೆ ನಾವು ಮೊದಲು ಮಾಡುವುದೇ ಬಾಗಿಲನ್ನು ಉಪ್ಪುಕಾಗದದಲ್ಲಿ ಉಜ್ಜುವುದು. ಆ ದೂಳು ನೆಲಕ್ಕೆ ಬೀಳುತ್ತದೆ, ಅದೇ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತದೆ. ಈ ಸಲ ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮಕ್ಕಳನ್ನು, ಬಸುರಿಯರನ್ನು ದೂರ ಇಡಿ. ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಉಣ್ಣುವ ಮೊದಲು ಮಕ್ಕಳ ಕೈ ತೊಳೆಸಿ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಅಂಗನವಾಡಿಯ ಬಣ್ಣವನ್ನು ಯಾರಾದರೂ ಪರೀಕ್ಷಿಸಿದ್ದಾರಾ?