ಏಳು ಮಂದಿ ಉಪಾಧ್ಯಾಯರ ಹಾಯಸ್ಕೂಲು

ಒಂದು ವಿದ್ಯಾಶಾಲೆಯ ಚರಿತ್ರೆಯೆಂದರೆ ಅದರ ಕಟ್ಟಡದ ಚರಿತ್ರೆಯೋ, ಮುಖ್ಯೋಪಾಧ್ಯಾಯರ ನಾಮಾವಳಿಯೋ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಲೆಕ್ಕವೋ? ಮೂವತ್ತು ವರ್ಷಗಳ ಕಾಲ ಹಲಗೆಯ ಮುಂದೆ ನಿಂತು ನಿವೃತ್ತನಾದ ನನಗೆ ಈ ಮೂರೂ ಸಾಲವೆಂದು ತೋರುತ್ತದೆ. ಶಾಲೆಗಾಗಿ ಯಾರು ಏನನ್ನು ಬಿಟ್ಟುಕೊಟ್ಟರೆಂಬುದೇ ಅದರ ನಿಜವಾದ ಚರಿತ್ರೆ. ಈ ಮಾತಿಗೆ ನಿದರ್ಶನವಾಗಿ ಬೆಳಗಾವಿಯ ಜಿ. ಎ. ಹಾಯಸ್ಕೂಲಿನ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ನನ್ನ ಅಜ್ಜನವರು ಹುನಗುಂದ ತಾಲೂಕಿನ ಒಂದು ಹಳ್ಳಿಯವರು. ಅವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರು; ವಿದ್ಯೆಯು ಅಲ್ಲಿಗೇ ನಿಂತಿತು. ಇದು ಬುದ್ಧಿಯ ಕೊರತೆಯಿಂದಾದುದಲ್ಲ. ಮುಂದಿನ ಶಾಲೆಯು ದೂರದ ಪಟ್ಟಣದಲ್ಲಿದ್ದಿತು. ಅಲ್ಲಿ ಕೈಹಿಡಿಯುವವರಿರಲಿಲ್ಲ, ಉಣ್ಣಲಿಕ್ಕೆ ಮನೆಯಿರಲಿಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಇಂಥ ಹುಡುಗರು ಎಷ್ಟು ಮಂದಿಯೋ! ಹಾಯಸ್ಕೂಲನ್ನು ದಾಟಿದವನಿಗೂ ಮುಂದಿನ ಹಾದಿಯು ಸುಗಮವಾಗಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು 1917ರಲ್ಲಿ. ಅದಕ್ಕಿಂತ ಮೊದಲು ಪದವಿಯನ್ನು ಬಯಸುವವನು ಪುಣೆಯನ್ನೋ ಮುಂಬಯಿಯನ್ನೋ ಸೇರಬೇಕಾಗಿದ್ದಿತು.

ಈ ಕತ್ತಲೆಯಲ್ಲಿ ದೀಪ ಹಚ್ಚುವ ಯತ್ನಗಳು ಒಂದರ ಹಿಂದೊಂದು ನಡೆದವು. 1890ರಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. 1904ರಲ್ಲಿ ಅದೇ ಊರಿನಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅಧ್ಯಕ್ಷರಾದರು. ಅವರು 1906ರಲ್ಲಿ ಕಾಲವಾದಾಗ ತಮ್ಮ ಆಸ್ತಿಯನ್ನು ವಿದ್ಯಾಕಾರ್ಯಕ್ಕೆ ಮೀಸಲಿಟ್ಟುಹೋದರು. ಅದೇ ಇಸವಿಯಲ್ಲಿ ನಮ್ಮ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಮಹಾಸ್ವಾಮಿಗಳವರು ಬಸವೇಶ್ವರ ವಿದ್ಯಾವರ್ಧಕ ಸಂಘಕ್ಕೆ ತಳಹದಿ ಹಾಕಿದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರಸ್ವಾಮಿಗಳವರಿಂದ ಶಿವಯೋಗಮಂದಿರವು ಉದಯಿಸಿತು. 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಮಠಾಧೀಶರು, ದೇಸಾಯಿಯವರು, ವಕೀಲರು ಹೀಗೆ ತಮ್ಮ ತಮ್ಮ ಪಾಲನ್ನು ಸಲ್ಲಿಸಿದರು. ಉಪಾಧ್ಯಾಯರು ಸಲ್ಲಿಸಿದ ಪಾಲು ಬೆಳಗಾವಿಯಲ್ಲಿ ಕಾಣಬರುತ್ತದೆ.

1916ನೆಯ ಇಸವಿ ನವೆಂಬರ 13ರಂದು ಆ ಪಟ್ಟಣದಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯು ತೆರೆಯಲ್ಪಟ್ಟಿತು. ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯ, ಅಂದರೆ ಇಂದಿನ ಕೆ. ಎಲ್. ಇ. ಸಂಸ್ಥೆಯ, ಮೊದಲ ಮೊಳಕೆ ಅದೇ. ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಂಡಿತಪ್ಪ ಚಿಕ್ಕೋಡಿ, ಸರದಾರ ಪಾಟೀಲ—ಈ ಏಳು ಮಂದಿಯನ್ನು ಸಂಸ್ಥೆಯವರು ಇಂದಿಗೂ 'ಸಪ್ತರ್ಷಿಗಳು' ಎಂದು ಸ್ಮರಿಸುತ್ತಾರೆ. ಹಿಂದಿನ ತಲೆಮಾರಿನಲ್ಲಿ ವಿದ್ಯಾಪ್ರಸಾರಕ್ಕಾಗಿ ಶ್ರಮಿಸಿದ ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡ ಇವರೀರ್ವರ ಹೆಸರುಗಳು ಮುಂದೆ ಆ ಶಾಲೆಗೆ ಸಂದವು. ತಮ್ಮ ಹೆಸರನ್ನಿಡದೆ ಹಿರಿಯರ ಹೆಸರನ್ನಿಟ್ಟುದು ಆ ಕಾಲದ ನಡತೆಯನ್ನು ಚೆನ್ನಾಗಿ ತೋರಿಸುತ್ತದೆ.

ಇದಕ್ಕೆ ಪೂರ್ವದಲ್ಲಿ ಇಂಥದೊಂದು ಪ್ರಯೋಗವು ಪುಣೆಯಲ್ಲಿ ನಡೆದಿದ್ದಿತು. 1880ರಲ್ಲಿ ಚಿಪಳೂಣಕರ, ಟಿಳಕ ಮೊದಲಾದವರು ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. 1884ರಲ್ಲಿ ಅದರಿಂದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯು ಹುಟ್ಟಿತು. ಪದವೀಧರನು ಸರಕಾರಿ ಚಾಕರಿಯ ಆಸೆಯನ್ನು ತೊರೆದು, ಅಲ್ಪ ವೇತನಕ್ಕೆ ಆಜೀವ ಸದಸ್ಯನಾಗಿ ಶಾಲೆಗೆ ತನ್ನನ್ನು ಒಪ್ಪಿಸಿಕೊಳ್ಳುವುದೇ ಆ ಪದ್ಧತಿಯ ಜೀವಾಳ. ಬೆಳಗಾವಿಯ ಗೆಳೆಯರೂ ಆಜೀವ ಸದಸ್ಯರಾಗಿಯೇ ನಿಂತರು. ಪದವೀಧರರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಅಧಿಕಾರದ ಕುರ್ಚಿಗಳು ಅವರನ್ನು ಕಾದಿದ್ದವೆಂಬುದನ್ನು ನೆನೆದರೆ ಈ ತ್ಯಾಗದ ತೂಕವು ತಿಳಿದೀತು.

ಅವರ ಕೆಲಸವು ತರಗತಿಯ ಗೋಡೆಗಳೊಳಗೇ ಮುಗಿಯಲಿಲ್ಲ. ಸಾಖರೆಯವರು ಸಂಸ್ಕೃತದ 'ಲಿಂಗಧಾರಣಚಂದ್ರಿಕೆ'ಯನ್ನು ಪರಿಷ್ಕರಿಸಿ, ವಿಸ್ತಾರವಾದ ಪೀಠಿಕೆಯೊಡನೆ 1942ರಲ್ಲಿ ಪ್ರಕಟಿಸಿದರು. ಬಸವನಾಳರು ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಕೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಆ ಪುಸ್ತಕವು ಬೆಳಕು ಕಂಡದ್ದು 1940ರಲ್ಲಿ. 1944ರಲ್ಲಿ ನಮ್ಮ ರಬಕವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕೂಡಿದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರೂ ಈ ಬಸವನಾಳರೇ. ಇತ್ತ ಸಂಸ್ಥೆಯೂ ಬೆಳೆಯಿತು: 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು.

ಒಂದು ಆಕ್ಷೇಪಣೆಯನ್ನು ಇಲ್ಲಿ ಮುಚ್ಚಿಡಲಾಗದು. ಈ ಸಂಸ್ಥೆಗಳು ಜಾತಿಯ ಹೆಸರಿನಲ್ಲಿ ಹುಟ್ಟಿದವಲ್ಲವೆ, ಎಂದು ಕೇಳುವವರುಂಟು. ಹೌದು, ಹುಟ್ಟಿದವು. ಆಗ ಇಂಗ್ಲಿಷ್ ವಿದ್ಯೆಯೂ ಕಚೇರಿಯ ಅಧಿಕಾರವೂ ಕೆಲವೇ ಮನೆತನಗಳ ಕೈಯಲ್ಲಿದ್ದವು. ಹಿಂದುಳಿದವರು ತಮ್ಮವರನ್ನು ಕೂಡಿಸಿಕೊಂಡೇ ಮೇಲೇಳಬೇಕಾಯಿತು. ಇದು ಚರಿತ್ರೆಯ ಸತ್ಯ. ಆದರೆ ಆ ಏಳು ಹೆಸರುಗಳಲ್ಲಿ ಒಂದು ಹೆಣ್ಣು ಹೆಸರೂ ಇಲ್ಲವೆಂಬುದೂ ಸತ್ಯವೇ. ನನ್ನ ಅಜ್ಜನವರು ಮುಲ್ಕಿಯವರೆಗಾದರೂ ಓದಿದರು. ಅಜ್ಜಿಯವರು ಅಕ್ಷರವನ್ನೇ ಕಾಣಲಿಲ್ಲ. ಹಿರಿಯರನ್ನು ಗೌರವಿಸುವವನು ಅವರ ಕಾಲದ ಕೊರತೆಯನ್ನೂ ಹೇಳಬೇಕು.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಹಾಯಸ್ಕೂಲೆಂಬುದು ಪರದೇಶದ ಗಿಡ, ಅದರಲ್ಲಿ ಗುರುಕುಲದ ಗುಣವು ಬರಲಾರದು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಬೆಳಗಾವಿಯ ಈ ವೃತ್ತಾಂತವು ನನ್ನ ಅಭಿಪ್ರಾಯವನ್ನು ತಿದ್ದಿತು. ಕಲಿಸಿದ್ದು ಇಂಗ್ಲಿಷಾಗಲಿ ಗಣಿತವಾಗಲಿ, ತನ್ನ ಬಾಳನ್ನೇ ಶಿಷ್ಯರಿಗಾಗಿ ಎತ್ತಿಟ್ಟವನು ಗುರುವೇ ಸರಿ.

ಇಂದು ನಮ್ಮ ಜಿಲ್ಲೆಯಲ್ಲಿ ಹಾಯಸ್ಕೂಲುಗಳಿಗೆ ಕೊರತೆಯಿಲ್ಲ. ಆದರೆ ಹಳೆಯ ಬಾಗಲಕೋಟೆಯ ಬಹುಭಾಗವು ಆಲಮಟ್ಟಿಯ ಹಿನ್ನೀರಿಗೆ ಸಂದಿತು. ಅನೇಕ ಮನೆತನಗಳು ಊರು ಬಿಟ್ಟು ನವನಗರವನ್ನು ಸೇರಿದವು. ಇಂಥ ಸ್ಥಳಾಂತರದಲ್ಲಿ ಮೊದಲು ಕಳೆಯುವುದು ಹಳೆಯ ಕಾಗದಪತ್ರ. ವಾಚಕರ ಮನೆಗಳಲ್ಲಿ ಅಜ್ಜಂದಿರ ಶಾಲಾ ದಾಖಲೆ, ಸ್ಮರಣಸಂಚಿಕೆ, ಉಪಾಧ್ಯಾಯರ ಪತ್ರ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿರಿ. ಬೆಳಗಾವಿಯ ಏಳು ಮಂದಿಯ ಹೆಸರುಗಳು ಉಳಿದವು. ನಮ್ಮ ಊರುಗಳ ಶಾಲೆಗಳಿಗಾಗಿ ಬಾಳನ್ನು ಸವೆಸಿದವರ ಹೆಸರುಗಳೂ ಉಳಿಯಬೇಡವೇ?